ಯೇಸುವಿನ ಪುನರಾಗಮನ ಮತ್ತು ಅಂತಿಮ ತೀರ್ಪು: ಕ್ರೈಸ್ತರ ನಂಬಿಕೆ ಏನು?

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ನಗರಗಳ ಅಂಗಡಿ ಬೀದಿಗಳಲ್ಲಿ ನಕ್ಷತ್ರದೀಪಗಳು ತೂಗತೊಡಗುತ್ತವೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಈ ಅವಧಿಯನ್ನು ಅನೇಕ ಕ್ರೈಸ್ತ ಸಭೆಗಳು 'ಆಗಮನ ಕಾಲ' ಎಂದು ಆಚರಿಸುತ್ತವೆ. ಆದರೆ ಈ ಕಾಲದ ಮೊದಲ ಭಾನುವಾರ ಕ್ಯಾಥೋಲಿಕ್ ಚರ್ಚುಗಳಲ್ಲಿ ಓದಲಾಗುವ ಶುಭಸಂದೇಶದ ಭಾಗದಲ್ಲಿ ಗೋದಲಿಯ ಶಿಶುವಿನ ಪ್ರಸ್ತಾಪವಿರುವುದಿಲ್ಲ. ಎಚ್ಚರದಿಂದಿರಬೇಕು, ಒಡೆಯನು ಯಾವ ಗಳಿಗೆಯಲ್ಲಿ ಬರುವನೋ ತಿಳಿಯದು ಎಂಬ ಬೋಧನೆ ಅಲ್ಲಿರುತ್ತದೆ. ಹುಟ್ಟಿ ಬಂದವನ ನೆನಪಿನ ಹಬ್ಬಕ್ಕೆ ಸಿದ್ಧತೆಯು, ಮತ್ತೆ ಬರಲಿರುವವನ ನಿರೀಕ್ಷೆಯೊಂದಿಗೆ ಆರಂಭವಾಗುತ್ತದೆ.

ಯೇಸು ಕ್ರಿಸ್ತನು ಕಾಲದ ಅಂತ್ಯದಲ್ಲಿ ಮಹಿಮೆಯಿಂದ ಮರಳಿ ಬಂದು ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸುವನು ಎಂಬುದು ಕ್ರೈಸ್ತ ಧರ್ಮದ ಮೂಲಭೂತ ನಂಬಿಕೆಗಳಲ್ಲೊಂದು. ಹೊರಗಿನವರಿಗೆ ಇದರ ಪರಿಚಯವಾಗುವುದು ಬಹುಮಟ್ಟಿಗೆ 'ಲೋಕ ಇಂಥ ದಿನ ಮುಗಿಯಲಿದೆ' ಎಂಬ ಸುದ್ದಿಗಳ ಮೂಲಕ. ಅಂಥ ಸುದ್ದಿಗಳಿಗೂ ಮುಖ್ಯವಾಹಿನಿಯ ಸಭೆಗಳ ಬೋಧನೆಗೂ ಇರುವ ಅಂತರ ದೊಡ್ಡದು. ಈ ನಂಬಿಕೆಯ ಮೂಲ, ಬೆಳವಣಿಗೆ, ಸಭೆಗಳ ನಡುವಿನ ಭಿನ್ನಾಭಿಪ್ರಾಯ ಹಾಗೂ ಅದು ಜನಜೀವನದ ಮೇಲೆ ಬೀರಿದ ಪರಿಣಾಮಗಳ ಸ್ಥೂಲ ಪರಿಚಯ ಇಲ್ಲಿದೆ.

ನಂಬಿಕೆಯ ಸಾರ

ಕ್ರಿ.ಶ. 325ರಲ್ಲಿ ಈಗಿನ ಟರ್ಕಿಯ ಇಜ್ನಿಕ್ ಪಟ್ಟಣದಲ್ಲಿ, ಅಂದರೆ ಅಂದಿನ ನೈಸೀಯದಲ್ಲಿ, ಸೇರಿದ ಧರ್ಮಸಭೆಯು ರೂಪಿಸಿದ ವಿಶ್ವಾಸಪ್ರಮಾಣದಲ್ಲಿಯೇ ಕ್ರಿಸ್ತನು ತೀರ್ಪು ನೀಡಲು ಬರುವನೆಂಬ ಮಾತು ಸೇರಿತ್ತು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯೊಂದಿಗೆ ಗುರುತಿಸಲಾಗುವ ವಿಸ್ತೃತ ರೂಪದಲ್ಲಿ ಅವನ ರಾಜ್ಯಕ್ಕೆ ಕೊನೆಯಿಲ್ಲ ಎಂಬ ಅಂಶವೂ, ಸತ್ತವರ ಪುನರುತ್ಥಾನ ಮತ್ತು ಬರಲಿರುವ ಲೋಕದ ಜೀವನದ ನಿರೀಕ್ಷೆಯೂ ಇದೆ. 2025ರಲ್ಲಿ ನೈಸೀಯ ಸಭೆಗೆ 1700 ವರ್ಷ ತುಂಬಿತು. ಕ್ಯಾಥೋಲಿಕ್, ಆರ್ಥೊಡಾಕ್ಸ್ ಮತ್ತು ಬಹುಪಾಲು ಪ್ರೊಟೆಸ್ಟೆಂಟ್ ಸಭೆಗಳು ಇಂದಿಗೂ ಈ ಪ್ರಮಾಣವನ್ನು ಒಪ್ಪುತ್ತವೆ.

ಇದರಿಂದ ಹೊರಡುವ ಸಾಮಾನ್ಯ ತತ್ವಗಳನ್ನು ನಾಲ್ಕಾಗಿ ಹೇಳಬಹುದು. ಒಂದು, ಕ್ರಿಸ್ತನು ಮರಳಿ ಬರುವನು. ಎರಡು, ಸತ್ತವರು ಎಬ್ಬಿಸಲ್ಪಡುವರು. ಮೂರು, ಪ್ರತಿಯೊಬ್ಬರ ಬದುಕಿಗೂ ತೀರ್ಪು ಉಂಟು. ನಾಲ್ಕು, ಸೃಷ್ಟಿಯು ನವೀಕರಣಗೊಳ್ಳುವುದು. ಇವು ಯಾವ ಕ್ರಮದಲ್ಲಿ, ಎಷ್ಟು ಕಾಲದಲ್ಲಿ, ಯಾವ ರೀತಿಯಲ್ಲಿ ನಡೆಯುತ್ತವೆ ಎಂಬ ವಿಷಯದಲ್ಲಿ ಮಾತ್ರ ಇಪ್ಪತ್ತು ಶತಮಾನಗಳಿಂದ ವಾದವಿವಾದಗಳು ನಡೆದು ಬಂದಿವೆ.

ಯೆಹೂದಿ ಹಿನ್ನೆಲೆ

ಅಂತಿಮ ತೀರ್ಪಿನ ಕಲ್ಪನೆ ಯೇಸುವಿನ ಕಾಲಕ್ಕಿಂತ ಹಳೆಯದು. ಕ್ರಿ.ಪೂ. ಎಂಟನೆಯ ಶತಮಾನದ ಪ್ರವಾದಿ ಆಮೋಸನು 'ಕರ್ತನ ದಿನ'ದ ಬಗ್ಗೆ ಮಾತನಾಡಿದ್ದಾನೆ. ಆ ದಿನ ತಮ್ಮ ಶತ್ರುಗಳಿಗೆ ಶಿಕ್ಷೆಯಾಗಿ ತಮಗೆ ಜಯ ದೊರೆಯುವುದೆಂದು ಇಸ್ರೇಲಿನ ಜನ ನೆಚ್ಚಿಕೊಂಡಿದ್ದರು. ಬಡವರನ್ನು ತುಳಿದು ಪೂಜೆ ಉತ್ಸವಗಳಲ್ಲಿ ಮೈಮರೆತವರಿಗೆ ಅದು ಬೆಳಕಿನ ದಿನವಾಗದೆ ಕತ್ತಲೆಯ ದಿನವಾಗುವುದೆಂದು ಆಮೋಸನು ಎಚ್ಚರಿಸಿದನು. ತೀರ್ಪು ಮೊದಲು ತನ್ನವರ ಮೇಲೆಯೇ ಬರುತ್ತದೆ ಎಂಬ ಈ ನಿಲುವು ಮುಂದೆ ಕ್ರೈಸ್ತ ಬೋಧನೆಯಲ್ಲಿಯೂ ಉಳಿದುಕೊಂಡಿತು.

ಬಹುಪಾಲು ವಿದ್ವಾಂಸರ ಪ್ರಕಾರ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಅಂತಿಮ ರೂಪ ಪಡೆದ ದಾನಿಯೇಲನ ಗ್ರಂಥದಲ್ಲಿ ಎರಡು ಮುಖ್ಯ ಅಂಶಗಳಿವೆ. ಏಳನೆಯ ಅಧ್ಯಾಯದಲ್ಲಿ ಮೃಗರೂಪದ ಸಾಮ್ರಾಜ್ಯಗಳ ಅಳಿವಿನ ಬಳಿಕ 'ಮನುಷ್ಯಕುಮಾರನಂತಿದ್ದವನು' ಮೇಘಗಳೊಂದಿಗೆ ಬಂದು ರಾಜ್ಯಾಧಿಕಾರ ಪಡೆಯುವ ದರ್ಶನವಿದೆ. ಹನ್ನೆರಡನೆಯ ಅಧ್ಯಾಯದಲ್ಲಿ ಸತ್ತವರು ಎಚ್ಚರಗೊಳ್ಳುವ ಮಾತಿದೆ. ಸಿರಿಯದ ಅರಸ ನಾಲ್ಕನೆಯ ಆಂಟಿಯೋಕಸನು ಯೆಹೂದಿಗಳ ಧರ್ಮಾಚರಣೆಯನ್ನು ನಿಷೇಧಿಸಿ ಹಿಂಸಿಸಿದ ಕಾಲವದು. ಧರ್ಮನಿಷ್ಠರಾಗಿದ್ದುದಕ್ಕಾಗಿಯೇ ಪ್ರಾಣ ಕಳೆದುಕೊಂಡವರಿಗೆ ನ್ಯಾಯ ಎಲ್ಲಿ ದೊರೆಯುತ್ತದೆ ಎಂಬುದು ಆಗ ತಾತ್ವಿಕ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಪುನರುತ್ಥಾನ ಮತ್ತು ತೀರ್ಪಿನ ನಂಬಿಕೆ ಆ ಪ್ರಶ್ನೆಗೆ ದೊರೆತ ಉತ್ತರವಾಗಿತ್ತು.

ಯೇಸುವಿನ ಬೋಧನೆಯಲ್ಲಿ

ಸುವಾರ್ತೆಗಳ ಪ್ರಕಾರ ಯೇಸುವು ತನ್ನನ್ನು ಹೆಚ್ಚಾಗಿ ಕರೆದುಕೊಳ್ಳುವುದು 'ಮನುಷ್ಯಕುಮಾರ' ಎಂದೇ. ಮಾರ್ಕನ 13, ಮತ್ತಾಯನ 24, ಲೂಕನ 21ನೆಯ ಅಧ್ಯಾಯಗಳಲ್ಲಿ ಎಣ್ಣೆಮರಗಳ ಗುಡ್ಡದ ಮೇಲೆ ಶಿಷ್ಯರಿಗೆ ನೀಡಿದ ಬೋಧನೆ ಇದೆ. ಜೆರುಸಲೇಮಿನ ಭವ್ಯ ದೇವಾಲಯ ಕಲ್ಲಿನ ಮೇಲೆ ಕಲ್ಲು ನಿಲ್ಲದಂತೆ ನಾಶವಾಗುವುದೆಂಬ ಮಾತಿನಿಂದ ಆರಂಭವಾಗುವ ಈ ಬೋಧನೆ ಯುದ್ಧ, ಕ್ಷಾಮ, ಭೂಕಂಪ, ಸುಳ್ಳು ಪ್ರವಾದಿಗಳ ಪ್ರಸ್ತಾಪದೊಂದಿಗೆ ಮುಂದುವರಿದು ಮನುಷ್ಯಕುಮಾರನ ಬರೋಣದಲ್ಲಿ ಮುಗಿಯುತ್ತದೆ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯವು ಆ ದೇವಾಲಯವನ್ನು ಸುಟ್ಟು ಕೆಡವಿತು. ಈ ಅಧ್ಯಾಯಗಳಲ್ಲಿ ಎಷ್ಟು ಭಾಗ ಆ ಘಟನೆಗೆ ಸಂಬಂಧಿಸಿದ್ದು, ಎಷ್ಟು ಭಾಗ ಕಾಲಾಂತ್ಯಕ್ಕೆ ಸಂಬಂಧಿಸಿದ್ದು ಎಂಬುದು ವ್ಯಾಖ್ಯಾನಕಾರರ ನಡುವೆ ಇಂದಿಗೂ ಚರ್ಚೆಯಲ್ಲಿದೆ.

ಅದೇ ಬೋಧನೆಯಲ್ಲಿ ಬರುವ ಇನ್ನೊಂದು ಮಾತು ಮುಂದಿನ ಇತಿಹಾಸದ ದೃಷ್ಟಿಯಿಂದ ಬಹಳ ಮುಖ್ಯವಾದುದು. ಆ ದಿನವಾಗಲಿ ಗಳಿಗೆಯಾಗಲಿ ದೇವದೂತರಿಗೂ ತಿಳಿಯದು, ಮಗನಿಗೂ ತಿಳಿಯದು, ತಂದೆಯೊಬ್ಬನಿಗೇ ಗೊತ್ತು ಎನ್ನುತ್ತದೆ ಮಾರ್ಕನ ಸುವಾರ್ತೆ (13:32). ದಿನಾಂಕ ಗೊತ್ತುಪಡಿಸುವ ಯಾವುದೇ ಪ್ರಯತ್ನದ ವಿರುದ್ಧ ಸಭೆಗಳು ಮೊದಲು ಎತ್ತಿ ತೋರಿಸುವುದು ಈ ವಾಕ್ಯವನ್ನೇ.

ಮತ್ತಾಯನ 25ನೆಯ ಅಧ್ಯಾಯದಲ್ಲಿ ಮೂರು ಪ್ರಸಂಗಗಳಿವೆ. ದೀಪಕ್ಕೆ ಎಣ್ಣೆ ಇಟ್ಟುಕೊಂಡ ಮತ್ತು ಇಟ್ಟುಕೊಳ್ಳದ ಹತ್ತು ಕನ್ಯೆಯರ ಕಥೆ ಮೊದಲನೆಯದು. ಒಡೆಯನು ಒಪ್ಪಿಸಿದ ಹಣವನ್ನು ಬೆಳೆಸಿದ ಮತ್ತು ಹೂತಿಟ್ಟ ಆಳುಗಳ ಕಥೆ ಎರಡನೆಯದು. ಮೂರನೆಯದು ತೀರ್ಪಿನ ದೃಶ್ಯ. ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಂತೆ ಅರಸನು ಜನಾಂಗಗಳನ್ನು ಬೇರ್ಪಡಿಸುತ್ತಾನೆ. ಅಲ್ಲಿ ಕೇಳಲಾಗುವ ಪ್ರಶ್ನೆಗಳು ಪೂಜಾವಿಧಿಯ ಕುರಿತಾಗಲಿ ಸಿದ್ಧಾಂತದ ಕುರಿತಾಗಲಿ ಇಲ್ಲ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗಳಿಗೆ ಆರೈಕೆ, ಸೆರೆಯಲ್ಲಿದ್ದವರಿಗೆ ಭೇಟಿ, ಈ ಆರು ಕೆಲಸಗಳೇ ಮಾನದಂಡ. ದೀನರಿಗೆ ಮಾಡಿದ್ದನ್ನು ತನಗೇ ಮಾಡಿದಂತೆ ಅರಸನು ಎಣಿಸುತ್ತಾನೆ. ಒಳ್ಳೆಯವರಿಗೂ ಕೆಟ್ಟವರಿಗೂ ಇದು ಸಮಾನವಾಗಿ ಆಶ್ಚರ್ಯ ತರುತ್ತದೆ ಎಂಬುದು ಈ ದೃಶ್ಯದ ವಿಶೇಷ. ಕ್ರೈಸ್ತ ಸಂಸ್ಥೆಗಳು ನಡೆಸುವ ಆಸ್ಪತ್ರೆ, ಕುಷ್ಠರೋಗಿಗಳ ಆಶ್ರಮ, ಸೆರೆಮನೆ ಸೇವೆಗಳಿಗೆಲ್ಲ ಪ್ರೇರಣೆಯಾಗಿ ಪದೇ ಪದೇ ಉಲ್ಲೇಖಗೊಳ್ಳುವ ಭಾಗವಿದು.

ಮೊದಲ ತಲೆಮಾರಿನ ಕಾಯುವಿಕೆ

ಯೇಸುವಿನ ಮೊದಲ ಅನುಯಾಯಿಗಳು ಪುನರಾಗಮನವನ್ನು ತಮ್ಮ ಜೀವಿತಕಾಲದಲ್ಲಿಯೇ ನಿರೀಕ್ಷಿಸಿದ್ದರು. ಗ್ರೀಕ್ ಭಾಷೆಯ ಪತ್ರವೊಂದರಲ್ಲಿಯೂ ಪೌಲನು ಬಳಸುವ 'ಮಾರಾನಾಥ' ಎಂಬ ಅರಮೇಯ ಪದ, ಅಂದರೆ ಪ್ರಭುವು ಬರಲೆಂಬ ಪ್ರಾರ್ಥನೆ, ಈ ನಿರೀಕ್ಷೆ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ. ಪುನರಾಗಮನಕ್ಕೆ ಹೊಸ ಒಡಂಬಡಿಕೆ ಬಳಸುವ 'ಪರೂಸಿಯಾ' ಎಂಬ ಗ್ರೀಕ್ ಪದಕ್ಕೆ ಉಪಸ್ಥಿತಿ, ಆಗಮನ ಎಂಬ ಅರ್ಥಗಳಿವೆ. ಅರಸನು ಅಥವಾ ಉನ್ನತ ಅಧಿಕಾರಿಯು ಪಟ್ಟಣಕ್ಕೆ ನೀಡುವ ವೈಭವದ ಭೇಟಿಗೆ ಆ ಕಾಲದಲ್ಲಿ ಅದೇ ಪದ ಬಳಕೆಯಲ್ಲಿತ್ತು.

ಕ್ರಿ.ಶ. 50ರ ಆಸುಪಾಸಿನಲ್ಲಿ ಗ್ರೀಸಿನ ಥೆಸಲೊನೀಕ ಪಟ್ಟಣದ ಸಭೆಯಲ್ಲಿ ಒಂದು ಆತಂಕ ತಲೆದೋರಿತು. ಪ್ರಭುವು ಬರುವ ಮೊದಲೇ ಕೆಲವರು ತೀರಿಕೊಂಡಿದ್ದರು; ಅವರ ಗತಿಯೇನು? ಇದಕ್ಕೆ ಉತ್ತರವಾಗಿ ಪೌಲನು ಬರೆದ ಮೊದಲನೆಯ ಪತ್ರವು ಹೊಸ ಒಡಂಬಡಿಕೆಯ ಬರಹಗಳಲ್ಲೇ ಅತ್ಯಂತ ಹಳೆಯದೆಂದು ಅನೇಕ ವಿದ್ವಾಂಸರು ಎಣಿಸುತ್ತಾರೆ. ಸತ್ತವರು ಮೊದಲು ಎದ್ದು ಬರುವರು, ಆ ಬಳಿಕ ಬದುಕಿರುವವರೂ ಅವರೊಂದಿಗೆ ಮೇಘಗಳಲ್ಲಿ ಎತ್ತಲ್ಪಟ್ಟು ಪ್ರಭುವನ್ನು ಎದುರುಗೊಳ್ಳುವರು ಎಂದು ಆತ ಸಮಾಧಾನ ಹೇಳುತ್ತಾನೆ. ಕಾಲಾಂತ್ಯದ ಕುರಿತಾದ ಈ ಪ್ರಸಿದ್ಧ ಭಾಗ ಹುಟ್ಟಿದ್ದು ಹೀಗೆ, ಸಾವಿನ ಮನೆಯವರಿಗೆ ಬರೆದ ಸಾಂತ್ವನದ ಮಾತಾಗಿ.

ಎರಡನೆಯ ಪತ್ರದಲ್ಲಿ ಬೇರೊಂದು ಸಮಸ್ಯೆ ಕಾಣುತ್ತದೆ. ಆ ದಿನ ಬಂದೇಬಿಟ್ಟಿದೆ ಎಂಬ ಸುದ್ದಿಯಿಂದ ಸಭೆ ಕದಡಿಹೋಗಿತ್ತು. ಕೆಲಸ ಮಾಡದೆ ಅಲೆಯುತ್ತಿದ್ದವರಿಗೆ ಆ ಪತ್ರ ದುಡಿದು ತಿನ್ನಿರೆಂದು ಕಟ್ಟುನಿಟ್ಟಾಗಿ ಆದೇಶಿಸುತ್ತದೆ. ದಶಕಗಳು ಕಳೆದರೂ ಪ್ರಭು ಬಾರದಿದ್ದಾಗ ಮೂಡಿದ ಪ್ರಶ್ನೆಗೆ ಪೇತ್ರನ ಹೆಸರಿನ ಎರಡನೆಯ ಪತ್ರವು, ದೇವರ ದೃಷ್ಟಿಯಲ್ಲಿ ಒಂದು ದಿನಕ್ಕೂ ಸಾವಿರ ವರ್ಷಕ್ಕೂ ಭೇದವಿಲ್ಲ, ತಡವೆಂದು ಕಾಣುವುದು ಪಶ್ಚಾತ್ತಾಪಕ್ಕೆ ದೊರೆತ ಅವಕಾಶ ಎಂದು ಉತ್ತರಿಸುತ್ತದೆ.

ಪ್ರಕಟನಾ ಗ್ರಂಥ

ಬೈಬಲಿನ ಕೊನೆಯ ಪುಸ್ತಕವಾದ 'ಪ್ರಕಟನೆ' ಈ ವಿಷಯದಲ್ಲಿ ಅತ್ಯಂತ ಹೆಚ್ಚು ಚರ್ಚಿತವಾದುದು ಮತ್ತು ಅತ್ಯಂತ ಹೆಚ್ಚು ತಪ್ಪಾಗಿ ಅರ್ಥೈಸಲ್ಪಟ್ಟುದು. ಏಜಿಯನ್ ಸಮುದ್ರದ ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನೆಂಬವನು ಈಗಿನ ಪಶ್ಚಿಮ ಟರ್ಕಿಯಲ್ಲಿದ್ದ ಏಳು ಸಭೆಗಳಿಗೆ ಇದನ್ನು ಬರೆದನು. ಮೊದಲ ಶತಮಾನದ ಕೊನೆಯ ಭಾಗದ್ದೆಂದು ಸಾಮಾನ್ಯವಾಗಿ ಭಾವಿಸಲಾಗುವ ಈ ಗ್ರಂಥದಲ್ಲಿ 22 ಅಧ್ಯಾಯಗಳಿವೆ. ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆಗಳ ಮೂಲಕ ಲೋಕಕ್ಕೆ ಬರುವ ವಿಪತ್ತುಗಳು, ಸಮುದ್ರದಿಂದ ಏರಿಬರುವ ಮೃಗ, 'ಹರ್ಮಗೆದ್ದೋನ್' ಎಂಬ ಕಾಳಗದ ಸ್ಥಳ, ಶ್ವೇತ ಸಿಂಹಾಸನದ ಮುಂದೆ ತೆರೆಯುವ ಪುಸ್ತಕಗಳು, ಕೊನೆಗೆ ಕಣ್ಣೀರಿಲ್ಲದ, ಸಾವಿಲ್ಲದ ಹೊಸ ಆಕಾಶ ಮತ್ತು ಹೊಸ ಭೂಮಿ, ಇವು ಇದರ ಮುಖ್ಯ ಚಿತ್ರಗಳು.

ಜನಪ್ರಿಯ ಸಿನಿಮಾಗಳಿಂದ ಪರಿಚಿತವಾದ 666 ಎಂಬ ಸಂಖ್ಯೆ ಈ ಗ್ರಂಥದ 13ನೆಯ ಅಧ್ಯಾಯದ್ದು. ಅಕ್ಷರಗಳಿಗೆ ಸಂಖ್ಯಾಮೌಲ್ಯ ನೀಡುವ ಪದ್ಧತಿಯಲ್ಲಿ 'ನೀರೋ ಚಕ್ರವರ್ತಿ' ಎಂಬುದನ್ನು ಹೀಬ್ರೂ ಲಿಪಿಯಲ್ಲಿ ಬರೆದರೆ ಈ ಮೊತ್ತ ಬರುತ್ತದೆ ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪುವ ವಿವರಣೆ. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ 616 ಎಂದಿದ್ದು, ಅದೇ ಹೆಸರಿನ ಲ್ಯಾಟಿನ್ ರೂಪಕ್ಕೆ ಹೊಂದುತ್ತದೆ. ಕ್ರೈಸ್ತರನ್ನು ಹಿಂಸಿಸಿದ ರೋಮ್ ಸಾಮ್ರಾಜ್ಯವನ್ನು ಬಹಿರಂಗವಾಗಿ ಹೆಸರಿಸಲಾಗದ ಸಂದರ್ಭದಲ್ಲಿ ಈ ಸಂಕೇತಭಾಷೆ ಬಳಕೆಯಾಯಿತು. 'ಕ್ರಿಸ್ತವಿರೋಧಿ' ಎಂಬ ಪದವಂತೂ ಪ್ರಕಟನಾ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಅದು ಬರುವುದು ಯೋಹಾನನ ಪತ್ರಗಳಲ್ಲಿ ಮಾತ್ರ.

ಸಾವಿರ ವರ್ಷಗಳ ಪ್ರಶ್ನೆ

ಪ್ರಕಟನೆಯ 20ನೆಯ ಅಧ್ಯಾಯದಲ್ಲಿ ಸೈತಾನನು ಸಾವಿರ ವರ್ಷ ಬಂಧಿತನಾಗಿ, ಹುತಾತ್ಮರು ಕ್ರಿಸ್ತನೊಂದಿಗೆ ಆಳುವ ಪ್ರಸ್ತಾಪವಿದೆ. ಇದರ ವ್ಯಾಖ್ಯಾನವೇ ಸಭೆಗಳ ನಡುವಿನ ಮುಖ್ಯ ಭಿನ್ನಾಭಿಪ್ರಾಯಕ್ಕೆ ಕಾರಣವಾಗಿದೆ.

ಕ್ರಿಸ್ತನು ಮೊದಲು ಬಂದು ಆಮೇಲೆ ಭೂಮಿಯ ಮೇಲೆ ಸಾವಿರ ವರ್ಷ ಆಳುವನು ಎಂಬುದು ಒಂದು ಪಕ್ಷ. ಎರಡನೆಯ ಶತಮಾನದ ಜಸ್ಟಿನ್, ಐರೇನಿಯಸ್ ಮುಂತಾದವರು ಹೀಗೆ ನಂಬಿದ್ದರು. ಸುವಾರ್ತೆಯ ಪ್ರಸಾರದಿಂದ ಲೋಕ ಕ್ರಮೇಣ ಸುಧಾರಿಸಿ ಸುವರ್ಣಯುಗ ಬಂದ ಬಳಿಕ ಕ್ರಿಸ್ತನು ಬರುವನು ಎಂಬುದು ಎರಡನೆಯ ಪಕ್ಷ. ಹತ್ತೊಂಬತ್ತನೆಯ ಶತಮಾನದ ಮಿಶನರಿ ಉತ್ಸಾಹಕ್ಕೂ ಗುಲಾಮಗಿರಿ ವಿರೋಧಿ ಚಳವಳಿಗೂ ಇದು ಬಲ ನೀಡಿತು. ಎರಡು ಮಹಾಯುದ್ಧಗಳ ನಂತರ ಇದರ ಪ್ರಭಾವ ಕುಗ್ಗಿತು. ಸಾವಿರ ವರ್ಷ ಎಂಬುದು ಸಾಂಕೇತಿಕ, ಕ್ರಿಸ್ತನ ಪುನರುತ್ಥಾನದಿಂದ ಪುನರಾಗಮನದವರೆಗಿನ ಸಭೆಯ ಕಾಲವೇ ಅದು ಎಂಬುದು ಮೂರನೆಯ ಪಕ್ಷ. ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣದ ಧರ್ಮಾಧ್ಯಕ್ಷ ಆಗಸ್ಟಿನನು ಐದನೆಯ ಶತಮಾನದಲ್ಲಿ ಬರೆದ 'ದೇವರ ನಗರ' ಕೃತಿಯ ಮೂಲಕ ಈ ಅಭಿಪ್ರಾಯ ಪಶ್ಚಿಮದ ಸಭೆಯಲ್ಲಿ ನೆಲೆಯೂರಿತು.

ಇವಲ್ಲದೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸದೊಂದು ವಾದ ತಲೆಯೆತ್ತಿತು. ಪ್ಲಿಮತ್ ಬ್ರದರೆನ್ ಪಂಥದ ಜಾನ್ ನೆಲ್ಸನ್ ಡಾರ್ಬಿಯು (1800-1882), ಮಹಾಸಂಕಟದ ಕಾಲಕ್ಕೆ ಮೊದಲೇ ನಿಜಭಕ್ತರು ಇದ್ದಕ್ಕಿದ್ದಂತೆ ಮೇಲೆತ್ತಲ್ಪಡುವರು, ಉಳಿದವರು ಇಲ್ಲಿಯೇ ಬಿಡಲ್ಪಡುವರು ಎಂದು ಬೋಧಿಸಿದನು. 1909ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಟಿಪ್ಪಣಿಗಳ ಬೈಬಲ್ ಇದನ್ನು ವ್ಯಾಪಕವಾಗಿ ಹರಡಿತು. 1970ರ ಹ್ಯಾಲ್ ಲಿಂಡ್ಸೆಯ ಜನಪ್ರಿಯ ಪುಸ್ತಕ ಮತ್ತು 1995ರಿಂದ 2007ರವರೆಗೆ ಹೊರಬಂದ 'ಲೆಫ್ಟ್ ಬಿಹೈಂಡ್' ಕಾದಂಬರಿಮಾಲೆ ಇದನ್ನು ಮನೆಮಾತಾಗಿಸಿದವು. ಇಂದು ಅನೇಕರು ಇದನ್ನೇ ಕ್ರೈಸ್ತರೆಲ್ಲರ ನಂಬಿಕೆ ಎಂದು ತಿಳಿಯುತ್ತಾರೆ. ಕ್ಯಾಥೋಲಿಕ್, ಆರ್ಥೊಡಾಕ್ಸ್, ಲುಥೆರನ್ ಮತ್ತು ಆಂಗ್ಲಿಕನ್ ಸಭೆಗಳು ಈ ಬೋಧನೆಯನ್ನು ಒಪ್ಪಿಲ್ಲ.

ಸಭೆಗಳ ನಡುವಿನ ಭೇದ

ಕ್ಯಾಥೋಲಿಕ್ ಬೋಧನೆಯಲ್ಲಿ ತೀರ್ಪು ಎರಡು ಬಗೆಯದು. ಮರಣದ ಕೂಡಲೇ ಪ್ರತಿಯೊಬ್ಬನಿಗೂ ಆಗುವುದು ವೈಯಕ್ತಿಕ ತೀರ್ಪು; ಕಾಲಾಂತ್ಯದಲ್ಲಿ ಎಲ್ಲರ ಮುಂದೆ ಆಗುವುದು ಸಾರ್ವತ್ರಿಕ ತೀರ್ಪು. ದೇವರ ಸ್ನೇಹದಲ್ಲಿ ಸತ್ತರೂ ಪೂರ್ಣ ಶುದ್ಧರಾಗದವರಿಗೆ ಶುದ್ಧೀಕರಣದ ಸ್ಥಿತಿಯೊಂದಿದೆ ಎಂಬುದೂ ಅದರ ಬೋಧನೆ. ನವೆಂಬರ್ 2ರಂದು ಸತ್ತವರಿಗಾಗಿ ಪ್ರಾರ್ಥಿಸುವ ಆಚರಣೆಗೆ ಇದೇ ಆಧಾರ. 1925ರಲ್ಲಿ ಹನ್ನೊಂದನೆಯ ಪಯಸ್ ಪೋಪರು ಸ್ಥಾಪಿಸಿದ ಕ್ರಿಸ್ತರಾಜನ ಹಬ್ಬ ಈಗ ಪೂಜಾವರ್ಷದ ಕೊನೆಯ ಭಾನುವಾರ ನಡೆಯುತ್ತದೆ.

ಆರ್ಥೊಡಾಕ್ಸ್ ಸಭೆಗಳು ಸತ್ತವರಿಗಾಗಿ ಪ್ರಾರ್ಥಿಸುತ್ತವೆಯಾದರೂ ಶುದ್ಧೀಕರಣ ಸ್ಥಳದ ಪಾಶ್ಚಾತ್ಯ ಸಿದ್ಧಾಂತವನ್ನು ಒಪ್ಪುವುದಿಲ್ಲ. ಬೈಜಾಂಟಿಯನ್ ಸಂಪ್ರದಾಯದಲ್ಲಿ ಮಹಾ ಉಪವಾಸಕ್ಕೆ ಮುಂಚಿನ ಒಂದು ಭಾನುವಾರ ಅಂತಿಮ ತೀರ್ಪಿನ ಸ್ಮರಣೆಗೆಂದೇ ಮೀಸಲು. ಪೂರ್ವ ದಿಕ್ಕಿಗೆ ಮುಖಮಾಡಿ ಪ್ರಾರ್ಥಿಸುವ ಪ್ರಾಚೀನ ಪದ್ಧತಿಯನ್ನೂ ಕ್ರಿಸ್ತನ ಬರೋಣದ ನಿರೀಕ್ಷೆಯೊಂದಿಗೆ ಜೋಡಿಸಲಾಗುತ್ತದೆ. ಭಾರತದ ಸುರಿಯಾನಿ ಕ್ರೈಸ್ತರಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ.

ಪ್ರೊಟೆಸ್ಟೆಂಟರು ಶುದ್ಧೀಕರಣದ ಕಲ್ಪನೆಯನ್ನು ತಿರಸ್ಕರಿಸಿದರು. ರಕ್ಷಣೆ ದೊರೆಯುವುದು ಕೃಪೆಯಿಂದ, ವಿಶ್ವಾಸದ ಮೂಲಕ. ಸತ್ಕಾರ್ಯಗಳು ಅದರ ಫಲ ಎಂಬುದು ಅವರ ನಿಲುವು. 1530ರ ಆಗ್ಸ್‌ಬರ್ಗ್ ವಿಶ್ವಾಸ ನಿವೇದನೆಯ 17ನೆಯ ವಿಧಿಯು ಕ್ರಿಸ್ತನ ಪುನರಾಗಮನವನ್ನು ದೃಢಪಡಿಸುತ್ತಲೇ, ಅಂತ್ಯಕ್ಕೆ ಮೊದಲು ಭಕ್ತರು ಈ ಲೋಕದ ರಾಜ್ಯವನ್ನು ವಶಪಡಿಸಿಕೊಳ್ಳುವರೆಂಬ ಬೋಧನೆಯನ್ನು ಖಂಡಿಸಿತು. ಪೆಂಟೆಕೋಸ್ಟಲ್ ಮತ್ತು ಬ್ರದರೆನ್ ಸಭೆಗಳಲ್ಲಿ ಬಹುಪಾಲಿನವು ಸನ್ನಿಹಿತ ಪುನರಾಗಮನಕ್ಕೆ ಹೆಚ್ಚಿನ ಒತ್ತು ಕೊಡುತ್ತವೆ. ನರಕದ ಸ್ವರೂಪದ ಕುರಿತು, ಅದು ಅನಂತ ಯಾತನೆಯೋ ಸಂಪೂರ್ಣ ನಾಶವೋ ಎಂಬ ಕುರಿತೂ ಕ್ರೈಸ್ತರಲ್ಲಿ ಏಕಾಭಿಪ್ರಾಯವಿಲ್ಲ. ಯೆಹೋವನ ಸಾಕ್ಷಿಗಳು 1914ರಲ್ಲಿಯೇ ಕ್ರಿಸ್ತನ ಅದೃಶ್ಯ ಉಪಸ್ಥಿತಿ ಆರಂಭವಾಯಿತೆಂದು ನಂಬುತ್ತಾರೆ. ತ್ರಿಯೇಕ ದೇವರ ಸಿದ್ಧಾಂತವನ್ನು ಅವರು ಒಪ್ಪದ ಕಾರಣ ಇತರ ಸಭೆಗಳು ಅವರನ್ನು ಪ್ರತ್ಯೇಕವಾಗಿ ಪರಿಗಣಿಸುತ್ತವೆ.

ಇಸ್ಲಾಮಿನ ಸಂಪ್ರದಾಯದಲ್ಲಿಯೂ ಈಸಾ, ಅಂದರೆ ಯೇಸು, ಕಾಲಾಂತ್ಯಕ್ಕೆ ಮೊದಲು ಮರಳಿ ಬರುವರೆಂಬ ನಂಬಿಕೆ ಇದೆ. ಆದರೆ ಅಲ್ಲಿ ಅವರು ಪ್ರವಾದಿ. ತೀರ್ಪು ನೀಡುವವನು ಅಲ್ಲಾಹನೊಬ್ಬನೇ.

ದಿನಾಂಕ ಗೊತ್ತುಮಾಡಿದವರು

ಗಳಿಗೆ ಯಾರಿಗೂ ತಿಳಿಯದು ಎಂಬ ಸ್ಪಷ್ಟ ಬೋಧನೆಯಿದ್ದರೂ ಲೆಕ್ಕ ಹಾಕುವ ಚಪಲ ಎಂದೂ ನಿಂತಿಲ್ಲ. ಎರಡನೆಯ ಶತಮಾನದಲ್ಲಿಯೇ ಮೊಂಟಾನಸನ ಅನುಯಾಯಿಗಳು ಏಷ್ಯಾ ಮೈನರಿನ ಪೆಪುಜಾ ಎಂಬ ಊರಿನ ಬಳಿ ಸ್ವರ್ಗೀಯ ಜೆರುಸಲೇಮ್ ಇಳಿಯುವುದೆಂದು ಕಾದರು. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು ಹಿಡಿದ ತೀವ್ರಗಾಮಿ ಪಂಥವೊಂದು ಅದನ್ನು ಹೊಸ ಜೆರುಸಲೇಮ್ ಎಂದು ಘೋಷಿಸಿತು. 1535ರಲ್ಲಿ ಮುತ್ತಿಗೆಯ ಸೈನ್ಯ ನಗರವನ್ನು ವಶಪಡಿಸಿಕೊಂಡ ಬಳಿಕ ನಾಯಕರನ್ನು ಕೊಂದು ಶವಗಳನ್ನು ತೂಗುಹಾಕಿದ ಕಬ್ಬಿಣದ ಪಂಜರಗಳು ಅಲ್ಲಿನ ಚರ್ಚಿನ ಗೋಪುರದಲ್ಲಿ ಇಂದಿಗೂ ಇವೆ. ವಿಜ್ಞಾನಿ ಐಸಾಕ್ ನ್ಯೂಟನ್ ಕೂಡ ದಾನಿಯೇಲನ ಸಂಖ್ಯೆಗಳನ್ನು ಆಧರಿಸಿ, 2060ಕ್ಕೆ ಮೊದಲು ಅಂತ್ಯ ಬರಲಾರದು ಎಂದು ಖಾಸಗಿ ಹಸ್ತಪ್ರತಿಯಲ್ಲಿ ಬರೆದಿದ್ದನು. ದಿನಾಂಕ ಸಾರುವವರ ಅವಸರಕ್ಕೆ ಕಡಿವಾಣ ಹಾಕುವುದೇ ತನ್ನ ಉದ್ದೇಶವೆಂದೂ ಆತ ಹೇಳಿಕೊಂಡಿದ್ದನು.

ಅತಿ ಪ್ರಸಿದ್ಧ ಪ್ರಕರಣ ಅಮೆರಿಕದ ವಿಲಿಯಂ ಮಿಲ್ಲರನದು. ರೈತನಾಗಿದ್ದು ಬೋಧಕನಾದ ಈತ ದಾನಿಯೇಲನ ಗ್ರಂಥದ 2300 ದಿನಗಳನ್ನು 2300 ವರ್ಷಗಳೆಂದು ಎಣಿಸಿ 1843ರ ಹೊತ್ತಿಗೆ ಪುನರಾಗಮನ ಎಂದು ಸಾರಿದನು. ಲೆಕ್ಕವನ್ನು ಪರಿಷ್ಕರಿಸಿದ ಅವನ ಅನುಯಾಯಿಗಳು 1844ರ ಅಕ್ಟೋಬರ್ 22 ಎಂಬ ದಿನಾಂಕಕ್ಕೆ ಬಂದು ನಿಂತರು. ಸಾವಿರಾರು ಮಂದಿ ಕಾದರು. ಕೆಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟಿದ್ದರು. ಆ ದಿನ ಉರುಳಿತು, ಏನೂ ಆಗಲಿಲ್ಲ. ಇತಿಹಾಸದಲ್ಲಿ ಇದು 'ಮಹಾ ನಿರಾಶೆ' ಎಂದೇ ದಾಖಲಾಗಿದೆ. ಅದರಿಂದ ಚೇತರಿಸಿಕೊಂಡವರಲ್ಲಿ ಒಂದು ಗುಂಪು 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತವಾಯಿತು. ಈ ಸಭೆ ಪುನರಾಗಮನ ಸಮೀಪವಿದೆಯೆಂದು ನಂಬಿದರೂ ದಿನಾಂಕ ಹೇಳುವುದಿಲ್ಲ.

ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28ರ ಮಧ್ಯರಾತ್ರಿ ಭಕ್ತರು ಮೇಲೆತ್ತಲ್ಪಡುವರೆಂದು ಪಂಥವೊಂದು ಸಾರಿತು. ಅನೇಕರು ಕೆಲಸ ಬಿಟ್ಟರು, ಆಸ್ತಿ ಮಾರಿದರು. ಪಂಥದ ನಾಯಕನಿಗೆ ಬಳಿಕ ವಂಚನೆಗಾಗಿ ಸೆರೆವಾಸದ ಶಿಕ್ಷೆಯಾಯಿತು. ಅಮೆರಿಕದ ಬಾನುಲಿ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದು ಜಗತ್ತಿನ ಹಲವೆಡೆ ಜಾಹೀರಾತು ಫಲಕ ಹಾಕಿಸಿದನು. ಅದು ಸುಳ್ಳಾದಾಗ ಅಕ್ಟೋಬರ್ 21 ಎಂದನು. 2012ರಲ್ಲಿ ದಿನಾಂಕ ಹೇಳಿದ್ದು ಪಾಪವೆಂದು ಒಪ್ಪಿಕೊಂಡ ಆತ 2013ರಲ್ಲಿ ನಿಧನನಾದನು. 2025ರ ಸೆಪ್ಟೆಂಬರ್ 23 ಮತ್ತು 24 ಎಂದು ದಕ್ಷಿಣ ಆಫ್ರಿಕಾದ ವ್ಯಕ್ತಿಯೊಬ್ಬ ಹೇಳಿದ ಮಾತು ಸಾಮಾಜಿಕ ಜಾಲತಾಣಗಳಲ್ಲಿ ಲೋಕವ್ಯಾಪಿಯಾಗಿ ಹರಡಿತು. ಆ ದಿನಗಳೂ ಎಂದಿನಂತೆಯೇ ಕಳೆದವು.

ಇವೆಲ್ಲ ನಗೆಗೆ ವಸ್ತುವಾಗುವ ಸಂಗತಿಗಳಷ್ಟೇ ಎಂದು ತಳ್ಳಿಹಾಕುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಕೀನ್ಯಾದ ಶಕಹೋಲ ಅರಣ್ಯದಲ್ಲಿ ಸಾಮೂಹಿಕ ಗೋರಿಗಳು ಪತ್ತೆಯಾದವು. ಹೊರತೆಗೆದ ಶವಗಳ ಸಂಖ್ಯೆ 400 ಮೀರಿತು. ಅವುಗಳಲ್ಲಿ ಮಕ್ಕಳ ಶವಗಳೂ ಇದ್ದವು. ಲೋಕಾಂತ್ಯಕ್ಕೆ ಮೊದಲು ಯೇಸುವನ್ನು ಸೇರಲು ಉಪವಾಸವಿದ್ದು ಸಾಯುವಂತೆ ಅನುಯಾಯಿಗಳಿಗೆ ಬೋಧಿಸಿದನೆಂಬ ಆರೋಪದ ಮೇಲೆ ಅಲ್ಲಿನ ಬೋಧಕನನ್ನು ನ್ಯಾಯಾಲಯಕ್ಕೆ ಎಳೆಯಲಾಯಿತು. ಆತ ಆರೋಪಗಳನ್ನು ಅಲ್ಲಗಳೆದಿದ್ದಾನೆ. ನಂಬಿಕೆಯು ಒಬ್ಬನ ಕೈಯ ಆಯುಧವಾದಾಗ ತೆರಬೇಕಾದ ಬೆಲೆ ಎಂಥದೆಂಬುದಕ್ಕೆ ಈ ಘಟನೆ ಇತ್ತೀಚಿನ ನಿದರ್ಶನ.

ಕನ್ನಡ ನಾಡಿನಲ್ಲಿ

ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಬಳ್ಳಾರಿಯಲ್ಲಿ ಕೈಗೊಂಡ ಅನುವಾದದಿಂದಾಗಿ 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯತೊಡಗಿತು. 'ಬರೋಣ' ಎಂಬ ಪದಕ್ಕೆ ಪ್ರೊಟೆಸ್ಟೆಂಟ್ ಕನ್ನಡದಲ್ಲಿ ಇರುವ ವಿಶೇಷ ಅರ್ಥ ಬೈಬಲ್ ಅನುವಾದದ ಬಳುವಳಿ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಅನೇಕ ಪಾದ್ರಿಗಳು ಜರ್ಮನಿಯ ವುರ್ಟೆಂಬರ್ಗ್ ಪ್ರದೇಶದ ಭಕ್ತಿಪಂಥದ ಹಿನ್ನೆಲೆಯವರು. ಆ ಪಂಥದ ಪ್ರಭಾವಿ ವಿದ್ವಾಂಸ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687-1752) ಸಹಸ್ರವರ್ಷದ ಯುಗ 1836ರಲ್ಲಿ ಆರಂಭವಾಗುವುದೆಂದು ಲೆಕ್ಕ ಹಾಕಿದ್ದನು. ಕಾಲಾಂತ್ಯಕ್ಕೆ ಮೊದಲು ಸುವಾರ್ತೆ ಎಲ್ಲ ಜನಾಂಗಗಳನ್ನು ತಲುಪಬೇಕೆಂಬ ತವಕ ಈ ವಲಯದಲ್ಲಿ ಮಿಶನರಿ ಕಾರ್ಯದ ಪ್ರೇರಣೆಗಳಲ್ಲೊಂದಾಗಿತ್ತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಕೂಡ ವುರ್ಟೆಂಬರ್ಗಿನವನೇ.

ಇದೇ ಮಿಶನ್ನಿಗೆ ಉತ್ತರ ಕರ್ನಾಟಕದಲ್ಲಿ ಕುತೂಹಲಕರ ಅನುಭವವೊಂದು ಎದುರಾಯಿತು. ಮುಂದೆ ಬರಲಿರುವ ಕಾಲವನ್ನು ಹೇಳುವ ಕಾಲಜ್ಞಾನ ಗ್ರಂಥಗಳನ್ನು ನಂಬಿದ್ದ ಕಾಲಜ್ಞಾನಿ ಪಂಥದವರು 1840ರ ಸುಮಾರಿಗೆ ಹುಬ್ಬಳ್ಳಿಯ ಮಿಶನರಿಗಳ ಸಂಪರ್ಕಕ್ಕೆ ಬಂದರು. ದೊಡ್ಡ ಸಂಖ್ಯೆಯ ಮತಾಂತರವನ್ನು ನಿರೀಕ್ಷಿಸಿದ ಮಿಶನ್ ಗದಗದ ಬಳಿಯ ಮಲ್ಲಸಮುದ್ರದಲ್ಲಿ ಕೃಷಿ ವಸಾಹತೊಂದನ್ನು ಆರಂಭಿಸಿತು. ನಿರೀಕ್ಷೆ ಈಡೇರಲಿಲ್ಲ. ಬರಲಿರುವವನಿಗಾಗಿ ಕಾಯುತ್ತಿದ್ದ ಎರಡು ಸಮುದಾಯಗಳು ಒಂದನ್ನೊಂದು ತಮ್ಮ ತಮ್ಮ ಗ್ರಂಥಗಳ ಕನ್ನಡಕದಿಂದ ನೋಡಿದ ಅಪರೂಪದ ಪ್ರಸಂಗವಿದು.

ಭಯವೋ, ಭರವಸೆಯೋ?

ಮಧ್ಯಯುಗದ ಯುರೋಪಿನಲ್ಲಿ ತೀರ್ಪಿನ ದಿನ ಭಯದ ವಸ್ತುವಾಗಿತ್ತು. 1536ರಿಂದ 1541ರವರೆಗೆ ಮೈಕೆಲೇಂಜೆಲೊ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯದ ಗೋಡೆಯ ಮೇಲೆ ಬಿಡಿಸಿದ 'ಅಂತಿಮ ತೀರ್ಪು' ಚಿತ್ರದಲ್ಲಿ ಆ ಭಯದ ಛಾಯೆ ಎದ್ದುಕಾಣುತ್ತದೆ. ಇಪ್ಪತ್ತನೆಯ ಶತಮಾನದ ದೇವಶಾಸ್ತ್ರಜ್ಞರು ಒತ್ತನ್ನು ಬದಲಿಸಿದರು. ಎರಡನೆಯ ಮಹಾಯುದ್ಧದಲ್ಲಿ ನಿರ್ಣಾಯಕ ಕಾಳಗ ಗೆದ್ದ ಮೇಲೂ ಯುದ್ಧ ಮುಗಿಯಲು ಕಾಲ ಹಿಡಿದಂತೆ, ಕ್ರಿಸ್ತನ ಜಯ ಈಗಾಗಲೇ ಆಗಿದೆ, ಅದರ ಪೂರ್ಣತೆ ಮಾತ್ರ ಬಾಕಿ ಇದೆ ಎಂದು ಆಸ್ಕರ್ ಕುಲ್‌ಮನ್ ವಿವರಿಸಿದನು. ಯುದ್ಧಕೈದಿಯಾಗಿದ್ದ ಜರ್ಮನಿಯ ಯೂರ್ಗೆನ್ ಮೋಲ್ಟ್‌ಮನ್ (1926-2024) ತನ್ನ 1964ರ 'ಭರವಸೆಯ ದೇವಶಾಸ್ತ್ರ' ಕೃತಿಯಲ್ಲಿ ಇಡೀ ಕ್ರೈಸ್ತ ಚಿಂತನೆಯನ್ನು ಈ ನಿರೀಕ್ಷೆಯ ಬುನಾದಿಯ ಮೇಲೆ ಕಟ್ಟಿದನು.

ಹೊಸ ಭೂಮಿಯ ನಿರೀಕ್ಷೆಯು ಈ ಭೂಮಿಯ ಮೇಲಿನ ಕಾಳಜಿಯನ್ನು ಕುಗ್ಗಿಸಬಾರದು, ಹೆಚ್ಚಿಸಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸ್ಪಷ್ಟಪಡಿಸಿತು. ಹದಿನಾರನೆಯ ಬೆನೆಡಿಕ್ಟ್ ಪೋಪರು 2007ರ ತಮ್ಮ ವಿಶ್ವಪತ್ರದಲ್ಲಿ ಅಂತಿಮ ತೀರ್ಪನ್ನು ಭರವಸೆಯನ್ನು ಕಲಿಯುವ ತಾಣಗಳಲ್ಲೊಂದೆಂದು ಬಣ್ಣಿಸಿದರು. ಇತಿಹಾಸದಲ್ಲಿ ನಡೆದ ಅನ್ಯಾಯವೇ ಕೊನೆಯ ಮಾತಾಗಲಾರದು ಎಂಬುದು ಅವರ ವಾದದ ತಿರುಳು.

ಕೊಲೆಯಾದವರಿಗೆ, ಹಸಿವಿನಿಂದ ಸತ್ತವರಿಗೆ, ಯಾವ ನ್ಯಾಯಾಲಯದ ಬಾಗಿಲನ್ನೂ ತಟ್ಟಲಾಗದವರಿಗೆ ನ್ಯಾಯ ಉಂಟೇ ಎಂಬ ಪ್ರಶ್ನೆ ದಾನಿಯೇಲನ ಕಾಲದಲ್ಲಿ ಇದ್ದಂತೆಯೇ ಇಂದೂ ಇದೆ. ಉಂಟು ಎಂಬುದು ಈ ನಂಬಿಕೆಯ ಉತ್ತರ. ಅದನ್ನು ಒಪ್ಪುವುದು ಬಿಡುವುದು ಅವರವರ ಶ್ರದ್ಧೆಗೆ ಬಿಟ್ಟದ್ದು. ಆದರೆ ಈ ನಂಬಿಕೆಯನ್ನು ಯಾರು ಹೇಗೆ ಬೋಧಿಸುತ್ತಿದ್ದಾರೆ ಎಂದು ಅಳೆಯಲು ಅದರ ಗ್ರಂಥದಲ್ಲಿಯೇ ಎರಡು ಅಳತೆಗೋಲುಗಳಿವೆ: ದಿನ ಯಾರಿಗೂ ತಿಳಿಯದು ಎಂಬ ಮಾರ್ಕನ ಮಾತು ಒಂದು, ಹಸಿದವನಿಗೆ ಅನ್ನ ಕೊಟ್ಟೆಯಾ ಎಂಬ ಮತ್ತಾಯನ ಪ್ರಶ್ನೆ ಇನ್ನೊಂದು.

ಕೆಲವು ಪದಗಳು

ಪರೂಸಿಯಾ: ಕ್ರಿಸ್ತನ ಪುನರಾಗಮನವನ್ನು ಸೂಚಿಸುವ ಗ್ರೀಕ್ ಪದ.

ಮಾರಾನಾಥ: ಪ್ರಭುವಿನ ಆಗಮನವನ್ನು ಕೋರುವ ಅರಮೇಯ ಪ್ರಾರ್ಥನೆ.

ಸಹಸ್ರವರ್ಷದ ಆಳಿಕೆ: ಪ್ರಕಟನೆಯ 20ನೆಯ ಅಧ್ಯಾಯದಲ್ಲಿ ಹೇಳಿರುವ, ಕ್ರಿಸ್ತನೊಂದಿಗೆ ಭಕ್ತರು ಆಳುವ ಅವಧಿ.

ಮೇಲೆತ್ತಲ್ಪಡುವಿಕೆ: ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 4ನೆಯ ಅಧ್ಯಾಯವನ್ನು ಆಧರಿಸಿದ ಕಲ್ಪನೆ, ಇದನ್ನು ಪುನರಾಗಮನದಿಂದ ಪ್ರತ್ಯೇಕ ಘಟನೆಯಾಗಿ ಬೋಧಿಸುವ ಕ್ರಮ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ಬಂತು.

ಆಗಮನ ಕಾಲ: ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಅವಧಿ.